ಬ್ರಿಡ್ಜಿನ ನೀರು

ಗಡಿಯಾಚೆ ತೆಲುಗು ಸೀಮೆಯಲ್ಲಿ, ಬೆಳುಗುಪ್ಪದ ಕಡೆಯ ಆ ಊರಿಗೂ ಅದರ ಹೊಲಗಳಿಗೂ ನಡುವೆ ಹೊಸ ಹೈವೇ ಬಂದಿತ್ತು. ಜನ ಓಡಾಡಲೆಂದು ಹೈವೇ ಕೆಳಗೆ ಸುರಂಗದಂಥ ದಾರಿಯೊಂದನ್ನು ಬಿಟ್ಟಿದ್ದರು. ಊರವರು ಅದನ್ನು ಬ್ರಿಡ್ಜು ಎನ್ನುತ್ತಿದ್ದರು. ಪಕ್ಕದ ಕೆರೆ ತುಂಬಿದಾಗಿನಿಂದ ನೀರು ಒಸರಿ ಅದರೊಳಗೆ ಮೊಣಕಾಲುದ್ದ ನಿಲ್ಲುತ್ತಿತ್ತು. ಮನುಷ್ಯರು ಬಟ್ಟೆ ಎತ್ತಿಕೊಂಡು ದಾಟುತ್ತಿದ್ದರು. ಕುರಿಗಳು ಮಾತ್ರ ನೀರಿಗೆ ಇಳಿಯುತ್ತಿರಲಿಲ್ಲ.

ದುರುಗಕ್ಕ ಕುರಿ ಸಾಕುವವಳು. ಅವಳೂ ಗಂಡ ಬೊಮ್ಮಪ್ಪನೂ ಮಂದೆಯನ್ನು ಹೈವೇ ಮೇಲೆ ಹತ್ತಿಸಿಯೇ ದಾಟಿಸಬೇಕಿತ್ತು. ಒಂದು ಬೆಳಿಗ್ಗೆ ಲಾರಿಯೊಂದು ಎರಡು ಕುರಿಗಳ ಮೇಲೆ ಹರಿದು, ನಿಲ್ಲದೆ ಹೋಯಿತು. ಬೊಮ್ಮಪ್ಪ ರಸ್ತೆ ಬದಿಯಲ್ಲಿ ಕೂತು ಅತ್ತ. ದುರುಗಕ್ಕ ನೇರ ವಾಣಿಶ್ರೀಯ ಮನೆಗೆ ಹೋದಳು.

ವಾಣಿಶ್ರೀ ಹೆಂಗಸರ ಉಳಿತಾಯದ ಡ್ವಾಕ್ರಾ ಸಂಘದ ಲೀಡರು, ತೆಲುಗಿನಲ್ಲಿ ಅರ್ಜಿ ಬರೆಯಬಲ್ಲವಳು. ಇಬ್ಬರೂ ಪಂಚಾಯಿತಿಗೆ ಹೋದರೆ, ರಸ್ತೆ ನಮ್ಮದಲ್ಲ ಎಂದರು. ರಸ್ತೆ ಆಫೀಸಿನವರು, ನೀರು ಕೆರೆಯದು ಎಂದರು. ಕೆರೆ ಆಫೀಸಿನವರು, ಕೆರೆ ಇದ್ದಲ್ಲೇ ಇದೆ, ನಡುವೆ ಬಂದದ್ದು ರಸ್ತೆ ಎಂದು ತಿರುಗಿ ಕಳಿಸಿದರು. ಸಹಿಗಾಗಿ ಮನೆ ಮನೆಗೆ ಹೋದರೆ, "ಸಂಜಿಗೆ ಬಾ ಅಕ್ಕ" ಎಂದವರೇ ಹೆಚ್ಚು. ಓಬಕ್ಕ ಹೆಬ್ಬೆಟ್ಟು ಒತ್ತಿ, "ಇದಕ್ಕ ಪಿಂಚಣಿ ಯಾವಾಗ ಬರ್ತೈತಿ?" ಎಂದು ಕೇಳಿದಳು.

ಅಂತೂ ರಸ್ತೆ ಇಂಜಿನಿಯರ್ ತಾನೇ ಬಂದು ನೋಡಲು ಒಪ್ಪಿಕೊಂಡ.

ಅವನು ಬರುವ ದಿನ ದುರುಗಕ್ಕ ಬ್ರಿಡ್ಜಿನ ಹತ್ತಿರ ಹೋಗಿ ನೋಡುತ್ತಾಳೆ, ಒಳಗೆ ನೀರೇ ಇಲ್ಲ. ಸರ್ಪಂಚ್ ಗಂಗರಾಜು ಬೆಳಕು ಹರಿಯುವ ಮುಂಚೆಯೇ ಡೀಸೆಲ್ ಮೋಟರು ತರಿಸಿ ನೀರೆಲ್ಲ ಹೊರಗೆ ಹಾಕಿಸಿದ್ದ. ಅಂಚಿಗೆ ಸುಣ್ಣ, ಮೇಲೆ ಮಾವಿನ ತೋರಣ.

"ಇದೇನ್ ಮಾಡೀರಿ ಗಂಗರಾಜಣ್ಣ?"

"ಸಾರ್ ಬರ್ತಾರಂದ್ರ ಊರು ಚಂದ ಕಾಣಬ್ಯಾಡೇನಕ್ಕ? ನೀರಾಗ ನಿಂದ್ರಿಸಿ ಹಾರ ಹಾಕಾಕ ಬರ್ತೈತೇನು?"

"ಅವರನ್ನ ಕರೆಸಿದ್ದೇ ನೀರು ತೋರ್ಸಾಕ."

"ಬಾಯಿಲೆ ಹೇಳೋಣ ತಗೋ."

ಅಷ್ಟರಲ್ಲಿ ಕಾರು ಬಂತು. ಇಂಜಿನಿಯರ್ ಕಾರಿನಿಂದ ಇಳಿದು, "ನೀಳ್ಳು ಎಕ್ಕಡಮ್ಮಾ?" ಎಂದು, ನೀರೆಲ್ಲಿ ಅಂತ, ತೆಲುಗಿನಲ್ಲಿ ಕೇಳಿದ. ದುರುಗಕ್ಕ ಮೋಟರಿನ ಕಡೆ ಕೈ ತೋರಿಸಿದಳು. ಅವನು ಒಣಗಿದ ನೆಲದ ಫೋಟೊ ತೆಗೆದುಕೊಂಡ. ಗಂಗರಾಜು ಹಾರ ಹಾಕಿ, ಊಟಕ್ಕೆಂದು ಕರೆದುಕೊಂಡು ಹೋದ. ಕಾರು ಬ್ರಿಡ್ಜು ದಾಟಿ ಊರೊಳಗೆ ಹೋಯಿತು. ಹೈವೇ ಹತ್ತಬೇಕಾದರೆ ಅದೇ ದಾರಿಯಲ್ಲಿ ವಾಪಸು ಬರಬೇಕು.

ಒಸರು ನಿಲ್ಲದ್ದರಿಂದ ಮೋಟರು ಓಡುತ್ತಲೇ ಇತ್ತು. ದುರುಗಕ್ಕ ಹೋಗಿ ಅದನ್ನು ನಿಲ್ಲಿಸಿ, ಪೈಪಿನ ಮೇಲೆ ಕೂತಳು.

"ಸರ್ಪಂಚ್ ನನಗ ಬೈತಾರಕ್ಕ" ಎಂದ ಮೋಟರು ಕಾಯುತ್ತಿದ್ದ ಪೆದ್ದಣ್ಣ.

"ನನಗ ಬಂದು ಬೈಯಂತ ಹೇಳು."

ಜತೆಗೆ ಬಂದಿದ್ದ ವಾಣಿಶ್ರೀಗೆ ಹೆದರಿಕೆಯಾಯಿತು. "ಸಾರ್‌ಗೆ ಸಿಟ್ಟು ಬಂದ್ರ ಇದ್ದದ್ದೂ ಹೋಗ್ತೈತಕ್ಕ."

"ಏನೈತಿ ಹೋಗಾಕ?" ಎಂದಳು ದುರುಗಕ್ಕ.

ವಾಣಿಶ್ರೀ ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕದಲ್ಲೇ ಕೂತಳು. ಶೇಂಗಾ ಹೊಲದಲ್ಲಿ ಕಳೆ ತೆಗೆದು ಬರುತ್ತಿದ್ದ ಹೆಂಗಸರು ಏನು ಎತ್ತ ಎಂದು ವಿಚಾರಿಸಿದರು. ಸಹಿಗೆ ಸತಾಯಿಸಿದ್ದವರೇ ಹುಲ್ಲಿನ ಹೊರೆ ಇಳಿಸಿ ಕೂತರು. ಓಬಕ್ಕನೂ ಕೂತಳು. ಪೆದ್ದಣ್ಣ ಮೆಲ್ಲಗೆ ದೂರ ಸರಿದ.

ಊಟ, ಎಲೆ ಅಡಿಕೆ, ಮಾತು ಎಲ್ಲ ಮುಗಿಸಿ ಕಾರು ವಾಪಸು ಬರುವ ಹೊತ್ತಿಗೆ ನೀರು ಸುಣ್ಣದ ಗೆರೆ ದಾಟಿತ್ತು. ಇಂಜಿನ್ನಿಗೆ ನೀರು ಹೋದೀತೆಂದು ಡ್ರೈವರ್ ಕಾರು ಇಳಿಸಲಿಲ್ಲ. ಮೋಟರು ಹಾಕಿ ಎಂದು ಗಂಗರಾಜು ಕೂಗಾಡಿದ. ಯಾರೂ ಏಳಲಿಲ್ಲ. ಮೀಟಿಂಗಿಗೆ ತಡವಾಗಿದ್ದ ಇಂಜಿನಿಯರ್ ಗೊಣಗುತ್ತ ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು, ಆಚೆ ಹೋಗಿ ಬೇರೆ ಗಾಡಿ ಹಿಡಿಯಲು ನೀರಿಗಿಳಿದ. ನಡುವೆ ಕಾಲು ಜಾರಿತು. ದುರುಗಕ್ಕ ಎದ್ದು ಹೋಗಿ ಅವನ ರಟ್ಟೆ ಹಿಡಿದಳು.

"ಪಾಚಿ ಐತ್ರಿ. ಸಾವಕಾಶ ಬರ್ರಿ."

ಆಚೆ ದಡ ಮುಟ್ಟಿದ ಮೇಲೆ ಅವನು, ದಿನಾ ಹೀಗೇನಾ ಎಂದು ಕೇಳಿದ.

"ದಿನಾ ಹಿಂಗ ರೀ. ಇವತ್ತೊಂದು ದಿನ ಬೆಳಿಗ್ಗಿ ಇರಲಿಲ್ಲ."

ಅವನು ತಿರುಗಿ ಇನ್ನೊಂದು ಫೋಟೊ ತೆಗೆದ.

ಬೇಸಿಗೆಗೆ ಮುಂಚೆ ಚರಂಡಿ ತೋಡಿಸಿದರು. ನೀರು ಹಳ್ಳಕ್ಕೆ ಹರಿದು ಬ್ರಿಡ್ಜು ಒಣಗಿತು. ಬೊಮ್ಮಪ್ಪ ಮಂದೆಯನ್ನು ಕೆಳಗಿನಿಂದಲೇ ಹೊಡೆದುಕೊಂಡು ಹೋದ. ಗಂಗರಾಜು ತನ್ನ ಫೋಟೊ ಹಾಕಿ ಬ್ಯಾನರ್ ಕಟ್ಟಿಸಿದ. ಆದರೆ ಚರಂಡಿಗೆ ಮುಚ್ಚುವ ಕಲ್ಲು ಹಾಕಲೇ ಇಲ್ಲ, ಅದು ಇನ್ನೊಂದು ಬಿಲ್ಲಿನಲ್ಲಿ ಬರುತ್ತದಂತೆ. ಎರಡನೇ ವಾರವೇ ಮರಿಯೊಂದು ಅದರೊಳಗೆ ಬಿದ್ದು ಕಾಲು ಮುರಿದುಕೊಂಡಿತು.

ದುರುಗಕ್ಕ ಮರಿಯ ಕಾಲಿಗೆ ದಬ್ಬೆ ಕಟ್ಟಿ ಬೊಮ್ಮಪ್ಪನ ಮಡಿಲಿಗೆ ಹಾಕಿದಳು. ಯಾರನ್ನು ಬೈಯಬೇಕೆಂದೂ ತೋಚದೆ ವಾಣಿಶ್ರೀಗೆ ಫೋನು ಹಚ್ಚಿದಳು.

"ಸೋಮವಾರ ಕೆಲಸ ಇಟ್ಕೋಬ್ಯಾಡ. ಮತ್ತ ಹೋಗೋದೈತಿ."

"ಯಾವ ಆಫೀಸಿಗೆ?"

"ಮೂರಕ್ಕೂ" ಎಂದು ದುರುಗಕ್ಕ ಫೋನಿಟ್ಟಳು.