ಮರ್ವ್ ಬಾವುಟ ಬೀಸುವ ಮೊದಲು

ಹದಿನೇಳು ವರ್ಷ ಟಾರವಿಲ್ ಫುಟ್‌ಬಾಲ್ ತಂಡಕ್ಕೆ ಆಡಿದ್ದೇನೆ, ಒಂದೇ ಒಂದು ಗೋಲೂ ಹೊಡೆದವನಲ್ಲ. ನನ್ನ ಜಾಗ ಫುಲ್ ಬ್ಯಾಕ್. ನಮ್ಮ ಕಂಬಗಳ ಮುಂದೆ ನಿಂತು, ಎದುರು ತಂಡದ ಅತಿ ಎತ್ತರದ, ಅತಿ ಬಾಯಿಬಡುಕ ಆಟಗಾರನ ಹೆಗಲಿಗೆ ಹೆಗಲು ಒತ್ತಿಕೊಂಡು ಶನಿವಾರದ ಮಧ್ಯಾಹ್ನ ಕಳೆಯುವುದು ನನ್ನ ಕೆಲಸ. ವಾರದ ಉಳಿದ ದಿನ ಕುರಿಗಳಿಗೆ ಬೇಲಿ ಹಾಕುತ್ತೇನೆ. ಎರಡೂ ಒಂದೇ ಕೆಲಸ, ಬಟ್ಟೆ ಮಾತ್ರ ಬೇರೆ ಎನ್ನುತ್ತಾಳೆ ನನ್ನ ಹೆಂಡತಿ.

ಆದರೆ ಫುಲ್ ಬ್ಯಾಕಿಗೆ ಇನ್ನೊಂದು ಹೊಣೆಯೂ ಇದೆ. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಒಂದೊಂದು ತುದಿಗೂ ನಾಲ್ಕು ಕಂಬ. ಎದುರಾಳಿ ಒದ್ದ ಚೆಂಡು ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಹೋದರೆ ಅವರಿಗೆ ಆರು ಅಂಕ, ಚೆಂಡು ಮೈದಾನದ ನಡುವಿಗೆ ವಾಪಸು. ಕೊಂಚ ತಪ್ಪಿ ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಒಂದೇ ಅಂಕ, ಚೆಂಡು ನನ್ನ ಕೈಗೆ. ಅಲ್ಲಿಂದ ಒದ್ದು ನಾನು ಆಟವನ್ನು ಮತ್ತೆ ಶುರುಮಾಡಬೇಕು. ಅಷ್ಟರಲ್ಲಿ ಎದುರಾಳಿಗಳು ಕೆರೆಗೆ ಬಲೆ ಬೀಸಿದಂತೆ ಹರಡಿಕೊಂಡಿರುತ್ತಾರೆ. ಚೆಂಡು ನಮ್ಮವನಿಗೆ ತಲುಪಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವರ ಕೈಗೆ ಬಿದ್ದು ಗೋಲಾದರೆ ಮಾತ್ರ ಮೈದಾನದ ಸುತ್ತ ಮೂತಿ ಒಳಗೆ ಮಾಡಿ ನಿಂತ ಅವರ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತವೆ.

ಆ ಜುಲೈನಲ್ಲಿ, ನಮ್ಮ ಕಡೆ ಅದು ನಡುಚಳಿಗಾಲ, ಮೂರು ಶನಿವಾರ ಅವೇ ಹಾರ್ನುಗಳನ್ನು ಕೇಳಿದೆ. ಮೂರೂ ಪಂದ್ಯ ಸೋತೆವು.

ಮಂಗಳವಾರ ತರಬೇತಿ ಮುಗಿದ ಮೇಲೆ ನಮ್ಮ ಕೋಚ್ ಹೀತ್ ನನ್ನನ್ನು ಪಕ್ಕಕ್ಕೆ ಕರೆದ. ಗೊಬ್ಬರ ಮಾರುವ ಮನುಷ್ಯ, ಕೆಟ್ಟ ಸುದ್ದಿಯನ್ನೂ ನಯವಾಗಿ ಹೇಳುತ್ತಾನೆ.

"ಪಿಕ್, ಬೇಜಾರ್ ಮಾಡ್ಕೋಬೇಡ." ನನ್ನ ಪೂರ್ತಿ ಹೆಸರು ರೋವನ್ ಪಿಕರಿಂಗ್, ಊರಲ್ಲಿ ಅದು ಯಾರಿಗೂ ನೆನಪಿಲ್ಲ. "ಈ ಶನಿವಾರ ಬಿರಂಬೀಟ್ ತಂಡದ ಮೇಲೆ ಆಡು. ಆಗ್ಲೂ ಇದೇ ಕಥೆ ಆದ್ರೆ ನಿನ್ನ ಎರಡನೇ ತಂಡಕ್ಕೆ ಇಳಿಸ್ಬೇಕಾಗತ್ತೆ. ನಿನ್ ಮೇಲೆ ಸಿಟ್ಟಿಲ್ಲ ಕಣೋ. ಚೆಂಡು ಆಚೆ ಹೋಗ್ಬೇಕು, ಅಷ್ಟೆ."

ಮೂವತ್ತಾರು ವರ್ಷಕ್ಕೆ ಎರಡನೇ ತಂಡಕ್ಕೆ ಇಳಿದವನು ಮತ್ತೆ ಮೇಲೆ ಹತ್ತುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಏಪ್ರಿಲ್‌ನಲ್ಲಿ ಮಂಡಿ ಬೇರೆ ತಿರುಚಿಕೊಂಡಿತ್ತು. ತಲೆ ತಗ್ಗಿಸಿಕೊಂಡು ಕಾರಿನ ಕಡೆ ಹೊರಟೆ.

"ಏಯ್ ಪಿಕ್! ಬಾ ಇಲ್ಲಿ. ಮುಖ ಯಾಕೋ ಒದ್ದೆ ಉಣ್ಣೆ ತರ ಇಟ್ಕೊಂಡಿದೀಯ?"

ನೋಲೀನ್ ಶುಲ್ಟ್ಸ್. ನಮ್ಮಲ್ಲಿ ಗಂಡಸರ ಫುಟ್‌ಬಾಲಿಗೂ ಹೆಂಗಸರ ನೆಟ್‌ಬಾಲಿಗೂ ಒಂದೇ ಕ್ಲಬ್ಬು, ಒಂದೇ ಬಸ್ಸು, ಒಂದೇ ಅಡುಗೆಮನೆ. ನೋಲೀನ್ ನೆಟ್‌ಬಾಲ್ ಕೋಚು. ಅವಳ ಅಂಗಳ ದಕ್ಷಿಣದ ಕಂಬಗಳ ಬೆನ್ನಿಗೇ ಇದೆ. ಇಪ್ಪತ್ತೈದು ವರ್ಷದಿಂದ ಶಾಲಾ ಬಸ್ಸು ಓಡಿಸುತ್ತಿದ್ದಾಳೆ. ನಮ್ಮ ತಂಡದ ಅರ್ಧ ಜನ ಅವಳ ಬೈಗುಳ ಕೇಳಿಕೊಂಡೇ ಓದು ಕಲಿತವರು.

"ಗಾಳಿ, ನೋಲೀನ್. ಈ ವರ್ಷ ಗಾಳಿ ಸರಿಯಿಲ್ಲ."

"ಗಾಳಿಗ್ಯಾಕೋ ಬೈತೀಯ, ಪಾಪ. ಮೂರು ವಾರದಿಂದ ಎಣಿಸ್ತಿದೀನಿ. ಆಚೆ ತುದೀಲಿ ನೀನು ಹನ್ನೊಂದು ಸಲ ಒದ್ದೆ, ಒಂದೇ ತಪ್ಪು. ಮರ್ವ್ ನಿಂತಿರೋ ತುದೀಲಿ ಒಂಬತ್ತು ಸಲ, ಆರು ತಪ್ಪು. ಬೇರೆ ಊರಿಗೆ ಹೋದಾಗ್ಲೂ ಅಷ್ಟೆ. ಏನು, ಗಾಳಿ ಮರ್ವ್ ಜೊತೆ ಬಸ್ ಹತ್ಕೊಂಡ್ ಬರತ್ತಾ?"

ಮರ್ವ್ ಟ್ರೆವಿನ್ ನಮ್ಮ ಗೋಲ್ ಅಂಪೈರ್. ಪ್ರತಿ ಕ್ಲಬ್ಬೂ ಒಬ್ಬರನ್ನು ಕಳಿಸಬೇಕು, ಒಬ್ಬೊಬ್ಬರು ಒಂದೊಂದು ತುದಿಯಲ್ಲಿ ನಿಲ್ಲುತ್ತಾರೆ. ಎಪ್ಪತ್ತಾರರ ಮರ್ವ್ ಇಸ್ತ್ರಿ ಮಾಡಿದ ಬಿಳಿ ಕೋಟು, ಬಿಳಿ ಟೋಪಿ ಹಾಕಿಕೊಂಡೇ ಬರುವವರು. ಒಂದು ಕಾಲಕ್ಕೆ ಅವರೇ ಟಾರವಿಲ್ಲಿನ ಫುಲ್ ಬ್ಯಾಕ್. ಹುಡುಗನಾಗಿದ್ದಾಗ ನನಗೆ ಒದೆಯುವುದನ್ನು ಕಲಿಸಿದವರೂ ಅವರೇ. ಒಂದಂಕ ಬಿದ್ದಾಗ ಅವರು ಒಂದು ಬೆರಳು ತೋರಿಸಿ, ಆಮೇಲೆ ಎದುರು ತುದಿಯ ಅಂಪೈರಿಗೆ ಕಾಣುವಂತೆ ಬಾವುಟ ಬೀಸುತ್ತಾರೆ. ನಾನು ಆಟ ಕಲಿಯುವಾಗ ಬಾವುಟ ಇಳಿಯುವ ತನಕ ಫುಲ್ ಬ್ಯಾಕ್ ಒದೆಯುವಂತಿರಲಿಲ್ಲ. ಆ ನಿಯಮ ಹೋಗಿ ಇಪ್ಪತ್ತು ವರ್ಷವಾಗಿರಬೇಕು. ಈಗ ಬೆರಳು ತೋರಿಸಿದರೆ ಸಾಕು, ಚೆಂಡು ಎತ್ತಿಕೊಂಡು ಹೊರಡಬಹುದು.

"ನೀನು ಇನ್ನೂ ಬಾವುಟಕ್ಕೆ ಕಾಯ್ತೀಯ ಕಣೋ," ಎಂದಳು ನೋಲೀನ್.

ಹೌದು, ಕಾಯುತ್ತಿದ್ದೆ. ಬೇರೆ ಅಂಪೈರುಗಳು ಸೊಳ್ಳೆ ಓಡಿಸಿದ ಹಾಗೆ ಎರಡು ಸಲ ಬೀಸಿ ಮುಗಿಸುತ್ತಾರೆ. ಮರ್ವ್ ಹಾಗಲ್ಲ. ಬಾವುಟ ಎತ್ತಿಕೊಳ್ಳುವುದು, ಸುಕ್ಕು ಬಿಡಿಸುವುದು, ಕಾಲು ಜೋಡಿಸಿ ನಿಲ್ಲುವುದು, ಆಮೇಲೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಈ ವರ್ಷವಂತೂ ಇನ್ನೂ ನಿಧಾನ. ಭುಜ ಹಿಡಿದುಕೊಂಡಿರಬೇಕು ಎಂದು ಊರವರೆಲ್ಲ ಅಂದುಕೊಂಡಿದ್ದರು; ಅವರ ಮುಂದೆ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟು ಹೊತ್ತೂ ನಾನು ಚೆಂಡು ಹಿಡಿದು ನಿಂತಿರುತ್ತಿದ್ದೆ. ಎದುರಾಳಿಗಳು ಆರಾಮಾಗಿ ನಡೆದುಕೊಂಡು ಹೋಗಿ ತಮ್ಮ ತಮ್ಮ ಜಾಗ ಹಿಡಿಯುತ್ತಿದ್ದರು.

"ಅವ್ರು ಬಾವುಟ ಬೀಸ್ತಿರುವಾಗ ಹೇಗೆ ನೋಲೀನ್ ಬೆನ್ನು ತಿರುಗ್ಸಿ ಓಡ್ಲಿ? ಮಾತಾಡ್ತಿರೋ ಹಿರಿಯರ ಮುಂದಿಂದ ಎದ್ದು ಹೋದಂಗಾಗತ್ತೆ."

"ಗೌರವ ತೋರಿಸ್ಬೇಕಾದ್ರೆ ಆಟ ಮುಗಿದ್ಮೇಲೆ ಟೀ ಕುಡಿಸು. ಗುರುವಾರ ನಾಲ್ಕೂವರೆಗೆ ನಿನ್ ಜೊತೆ ಹಿಂದೆ ಆಡೋ ಬ್ಯಾಕ್‌ಗಳನ್ನೆಲ್ಲ ಕರ್ಕೊಂಡ್ ಬಾ."

ಗುರುವಾರ ನೆಟ್‌ಬಾಲ್ ಅಂಗಳದಲ್ಲಿ ನಾವು ಐದು ಜನ ಕೈಕಟ್ಟಿ ನಿಂತಿದ್ದೆವು. ಲಾರಿ ಓಡಿಸುವ ಡೂಲಿ ನೂರು ಕಿಲೋ ತೂಗುತ್ತಾನೆ, ಅವನು ನಗು ತಡೆಯಲಾರದೆ, "ಸ್ಕರ್ಟ್ ಕೊಡ್ತೀಯಾ ನೋಲೀನ್?" ಎಂದ.

"ನಿನ್ನ ಅಳತೆಗೆ ಹೊಲಿಯಕ್ಕೆ ಡೇರೆ ಬಟ್ಟೆ ಬೇಕು. ಸುಮ್ನೆ ನಿಂತ್ಕೋ."

ಅವಳ ಹುಡುಗಿಯರು ನಮ್ಮನ್ನು ಕಾವಲು ಕಾಯಲು ನಿಂತರು. ಹತ್ತು ನಿಮಿಷ ನಮಗೆ ಒಂದು ಚೆಂಡೂ ಸಿಗಲಿಲ್ಲ. ಡೂಲಿಯ ನಗು ನಿಂತಿತು.

"ನೋಡಿ, ನೀವೆಲ್ಲ ಪಿಕ್ ಕಡೆಗೇ ಓಡ್ತೀರ, 'ಇಲ್ಲಿ ಇಲ್ಲಿ' ಅಂತ ಕಿರುಚ್ತೀರ. ಬಸ್ಸಲ್ಲಿ ಕಿಟಕಿ ಸೀಟಿಗೆ ಜಗಳ ಆಡ್ದಂಗೆ. ನಮ್ಮ ಆಟದಲ್ಲಿ ಚೆಂಡು ಕೈಗೆ ಬಂದ್ರೆ ಮೂರೇ ಸೆಕೆಂಡಲ್ಲಿ ಎಸೀಬೇಕು. ನಾಲ್ಕೂ ಜನ ಒಂದೇ ಕಡೆ ಗುಂಪಾಗಿ ನಿಂತ್ಕೊಳ್ಳಿ. ಪಿಕ್ ಮೊದಲ್ನೇ ಹೆಜ್ಜೆ ಇಟ್ಟ ತಕ್ಷಣ ನಾಲ್ಕು ದಿಕ್ಕಿಗೆ ಒಡ್ಕೊಂಡ್ ಹೋಗಿ. ಯಾರು ಜೋರಾಗಿ ಕೂಗ್ತಾನೋ ಅವನಿಗೆ ಚೆಂಡಿಲ್ಲ. ಸದ್ದಿಲ್ದೆ ಮೂಲೆಗೆ ಓಡಿದವನಿಗೆ."

"ಕೂಗೋದು ಬಿಟ್ರೆ ನಂಗೆ ಇನ್ನೇನ್ ಬರತ್ತೆ?" ಎಂದ ಡೂಲಿ.

"ಅದಕ್ಕೇ ಕಣೋ ನಿನ್ನ ಕರ್ದಿರೋದು."

ಸದ್ದಿಲ್ಲದವನು ಎಂದರೆ ವೆಸ್. ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಡೂಲಿ ಬಲಕ್ಕೆ ಗುಡುಗಿಕೊಂಡು ಓಡುತ್ತಿದ್ದ, ಎಲ್ಲರೂ ಅವನ ಹಿಂದೆ; ವೆಸ್ ಎಡಗಡೆಯ ಮೂಲೆಯಲ್ಲಿ ಒಬ್ಬನೇ ಚೆಂಡು ಹಿಡಿದು ನಿಂತಿರುತ್ತಿದ್ದ. ಹೊತ್ತು ಮುಳುಗುವಷ್ಟರಲ್ಲಿ ಇಪ್ಪತ್ತರಲ್ಲಿ ಹದಿನೇಳು ಸಲ ಸರಿಹೋಯಿತು. ನೋಲೀನ್ ಹೊಗಳಲಿಲ್ಲ. "ಇಲ್ಲಿ ಬಾವುಟ ಇರ್ಲಿಲ್ಲ," ಎಂದಷ್ಟೇ ಹೇಳಿ ಅಂಗಳದಲ್ಲಿ ಗುರುತಿಗಿಟ್ಟಿದ್ದ ಕೋನ್‌ಗಳನ್ನು ಎತ್ತಿಕೊಂಡು ಹೋದಳು.

ಅವಳು ಹೇಳಿದ್ದೇ ಆಯಿತು. ಪಂದ್ಯಕ್ಕೆ ನಾಲ್ಕು ಕಾಲುಭಾಗ, ಪ್ರತಿ ಸಲವೂ ತುದಿ ಬದಲು; ಶನಿವಾರ ಎರಡನೇ ಕಾಲುಭಾಗದಲ್ಲಿ ನಾವು ಮರ್ವ್ ತುದಿಗೆ ಬಂದೆವು. ಬಿರಂಬೀಟಿನವರು ಒಂದಂಕ ಹೊಡೆದರು. ಮರ್ವ್ ಬೆರಳು ತೋರಿಸಿದರು. ಕಂಬದ ಬುಡದ ಚೀಲದಿಂದ ಇನ್ನೊಂದು ಚೆಂಡು ತೆಗೆದುಕೊಂಡೆ, ನಮ್ಮ ನಾಲ್ವರೂ ಗುಂಪಾಗಿ ನಿಂತರು. ನನ್ನ ಕಾಲು ಮಾತ್ರ ಏಳಲಿಲ್ಲ. ಪಕ್ಕದಲ್ಲಿ ಬಿಳಿ ಕೋಟು ಬಾಗಿ ಬಾವುಟ ಎತ್ತಿಕೊಳ್ಳುತ್ತಿತ್ತು. ಕಾದೆ. ಕಾದು ಒದ್ದೆ. ಅವರ ಕೈಗೆ ಬಿತ್ತು, ಗೋಲು, ಹಾರ್ನು.

ಅರ್ಧವಿರಾಮದಲ್ಲಿ ಹೀತ್ ನನ್ನ ಹತ್ತಿರ ಬಂದು ಕಿತ್ತಳೆ ಹೋಳು ಕೊಟ್ಟು ಮುಂದೆ ನಡೆದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ಭಾಗ ಆಚೆ ತುದಿಯಲ್ಲಿ ಸಲೀಸಾಗಿ ಹೋಯಿತು. ಕೊನೆಯ ಭಾಗಕ್ಕೆ ಮತ್ತೆ ಮರ್ವ್ ಮುಂದೆ. ಅಂಕ ಏರುತ್ತ ಇಳಿಯುತ್ತ, ಕೊನೆಗೆ ನಾವು ಎರಡೇ ಅಂಕ ಮುಂದಿದ್ದೆವು. ಎಷ್ಟು ಹೊತ್ತು ಉಳಿದಿದೆಯೆಂದು ಮೈದಾನದೊಳಗಿದ್ದವರಿಗೆ ತಿಳಿಯುವುದಿಲ್ಲ. ಕಾರುಗಳ ಸದ್ದು ನಿಂತಿದ್ದರಿಂದ ಕೊಂಚವೇ ಎಂದು ಗೊತ್ತಾಯಿತು. ನಾನು ಕಾಯುತ್ತಿದ್ದ ಅವರ ದೈತ್ಯ ನನ್ನನ್ನು ಮೊಣಕೈಯಲ್ಲಿ ತಳ್ಳಿ ಒದ್ದ. ಚೆಂಡು ಎತ್ತರದ ಕಂಬದ ಹೊರಗೆ ಗೇಣಷ್ಟು ತಪ್ಪಿತು. ಒಂದಂಕ. ಈಗ ನಾವು ಒಂದೇ ಅಂಕ ಮುಂದೆ, ಚೆಂಡು ನನ್ನದು.

"ಅವಸರ ಇಲ್ಲ ಅಜ್ಜ," ಎಂದ ದೈತ್ಯ ನನಗೆ, "ನಾವೂ ನೀರು ಕುಡೀತೀವಿ." ನಿಜವಾಗಿಯೂ ನೀರು ತರುವ ಹುಡುಗನಿಂದ ಬಾಟಲಿ ಇಸಿದುಕೊಂಡು ಎತ್ತಿದ. ನಾನು ಕಾಯುತ್ತೇನೆಂದು ಅವರಿಗೂ ಗೊತ್ತಾಗಿತ್ತು.

ಮರ್ವ್ ಒಂದು ಬೆರಳು ತೋರಿಸಿದರು. ಬಾವುಟಕ್ಕೆ ಬಾಗಿದರು.

"ಕ್ಷಮಿಸಿ ಮರ್ವ್!" ಎಂದು ಕೂಗಿ ಹೆಜ್ಜೆ ಇಟ್ಟುಬಿಟ್ಟೆ.

ಡೂಲಿ ಬಲಕ್ಕೆ ಹಾರಿ ಗೂಳಿಯ ಹಾಗೆ ಅರಚಿದ. ಬಿರಂಬೀಟಿನ ನಾಲ್ಕು ಜನ ಅವನ ಹಿಂದೆ ಬಿದ್ದರು. ದೈತ್ಯನ ಬಾಯಲ್ಲಿ ಇನ್ನೂ ನೀರಿತ್ತು. ನಾನು ಎಡಗಡೆ ನೋಡದೆಯೇ ಎಡಕ್ಕೆ ಒದ್ದೆ. ವೆಸ್ ಮೂಲೆಯಲ್ಲಿ ಚೆಂಡನ್ನು ಎದೆಗವಚಿಕೊಂಡ, ತಿರುಗಿ ಗಡಿಯುದ್ದಕ್ಕೂ ಉದ್ದ ಒದ್ದ. ಅಲ್ಲಿ ನಮ್ಮವನೊಬ್ಬ ಹಿಡಿದ, ಅಲ್ಲಿಂದ ಇನ್ನೊಬ್ಬ. ಚೆಂಡು ಇಷ್ಟು ದೂರ ಹೋಗಿ ಚಿಕ್ಕದಾಗುವುದನ್ನು ಆ ತಿಂಗಳಲ್ಲಿ ನಾನು ನೋಡಿರಲಿಲ್ಲ. ಆಗ ಪಂದ್ಯ ಮುಗಿಯಿತೆಂದು ಸೈರನ್ ಆಯಿತು. ಈ ಸಲ ನಮ್ಮ ಕಾರುಗಳು ಹಾರ್ನ್ ಹೊಡೆದವು.

ಹೀತ್ ಓಡಿಬಂದು ನನ್ನ ಕುತ್ತಿಗೆ ತಬ್ಬಿ, "ಮುಂದಿನ ಶನಿವಾರಾನೂ ನೀನೇ ಕಣೋ, ಮಂಡಿಗೆ ಐಸ್ ಇಡು," ಎಂದ. ನಾನು ಬಿಡಿಸಿಕೊಂಡು ಕಂಬಗಳ ಕಡೆ ನಡೆದೆ. ಮರ್ವ್ ಬಾವುಟ ಸುತ್ತುತ್ತಿದ್ದರು.

"ಮರ್ವ್, ನಿಮ್ಗೆ ಬೆನ್ನು ತಿರುಗ್ಸಿ ಹೋಗ್ಬಿಟ್ಟೆ. ತಪ್ಪಾಯ್ತು."

"ಏನ್ ತಪ್ಪು?"

"ನೀವು ಬೀಸೋ ತನಕ ಕಾಯ್ಬೇಕಿತ್ತು."

ಅವರು ಟೋಪಿ ತೆಗೆದು ನನ್ನನ್ನೇ ನೋಡಿದರು. "ನೀನು ನನಗೋಸ್ಕರ ಕಾಯ್ತಿದ್ಯಾ?"

"ಮತ್ತೆ? ಹದಿನೇಳು ವರ್ಷದಿಂದ."

"ಅಯ್ಯೋ ಪೆದ್ದೇ! ನಾನು ನಿನಗೋಸ್ಕರ ನಿಧಾನ ಮಾಡ್ತಿದ್ದೆ ಕಣೋ! ನಿನ್ನ ಮೊದಲ್ನೇ ಪಂದ್ಯದಲ್ಲಿ ಕೈ ನಡುಗಿ ಚೆಂಡು ಬಿಟ್ಟಿದ್ದೆ, ನೆನಪಿದ್ಯಾ? ಹುಡುಗನಿಗೆ ಉಸಿರಾಡಕ್ಕೆ ಟೈಮ್ ಸಿಗ್ಲಿ ಅಂತ ಅವತ್ತಿಂದ ಹೀಗೆ. ಎದುರು ತಂಡದ ಬ್ಯಾಕಿಗೂ ಅಷ್ಟೇ ನಿಧಾನ ಬೀಸ್ತಿದ್ದೆ, ಮೋಸ ಆಗ್ಬಾರ್ದಲ್ಲ. ಈ ವರ್ಷ ನೀನು ಕುಂಟೋದು ನೋಡಿ ಇನ್ನೂ ನಿಧಾನ ಮಾಡ್ದೆ."

"ಹಾಗಾದ್ರೆ ನಿಮ್ಮ ಭುಜ?"

ಮರ್ವ್ ತೋಳನ್ನು ಗಾಳಿಯಂತ್ರದ ಹಾಗೆ ಎರಡು ಸುತ್ತು ತಿರುಗಿಸಿ ತೋರಿಸಿದರು.

ಬೇಲಿಯಾಚೆಯಿಂದ ನೋಲೀನಳ ನಗು ಕೇಳಿಸಿತು. ನನಗೆ ಮಾತ್ರ ನಗು ಬರಲಿಲ್ಲ. ಈ ಮನುಷ್ಯ ಹದಿನೇಳು ಚಳಿಗಾಲ ಗಾಳಿಯಲ್ಲಿ ನಿಂತು, ಮುದಿಭುಜ ಎಂದು ಊರೆಲ್ಲ ಬೆನ್ನ ಹಿಂದೆ ಆಡಿಕೊಂಡರೂ ತಲೆಕೆಡಿಸಿಕೊಳ್ಳದೆ, ನನಗಾಗಿ ಒಂದೊಂದು ಉಸಿರನ್ನು ಉದ್ದ ಮಾಡಿದ್ದರು. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವರು ಕೆಮ್ಮಿದರು.

"ಇನ್ಮೇಲೆ ಬೇಗ ಬೀಸ್ತೀನಿ, ಬಿಡು."

"ಬೇಡ ಮರ್ವ್. ನೀವು ನಿಮ್ಮ ಪಾಡಿಗೆ ನಿಧಾನಕ್ಕೇ ಬೀಸಿ. ನಾನು ಹೋಗಿರ್ತೀನಿ."

"ಹೋಗಿರು ಮತ್ತೆ," ಎಂದರು. "ನಡಿ, ಟೀ ತಣ್ಣಗಾಗತ್ತೆ. ನೋಲೀನ್ ನಿನ್ನ ಲೆಕ್ಕಕ್ಕೆ ಬರೆಸಿದಾಳಂತೆ."