ಒಂದು ಕಾಲಿಗೆ ನೆಲ

ಎತ್ತರದವರೊಡನೆ ಮಾತಾಡುವಾಗ ನಮ್ಮ ಚಿಕ್ಕಮ್ಮ ಕತ್ತೆತ್ತಿದ್ದನ್ನು ನಾನು ಕಂಡಿಲ್ಲ. ಎದುರಿನ ಆಸಾಮಿ ಉದ್ದವಾಗಿದ್ದಾನೆಂದು ತಿಳಿದೊಡನೆ ಅವಳು ಹಿಂದಕ್ಕೆ ಸರಿಯುತ್ತಾಳೆ. ಆತನ ಮುಖ ತನ್ನ ಸಹಜ ದೃಷ್ಟಿಯ ನೇರಕ್ಕೆ ಇಳಿಯುವತನಕ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತು, "ಹ್ಞೂ, ಈಗ ಹೇಳಿ" ಎನ್ನುತ್ತಾಳೆ. ಗುಟ್ಟು ಹೇಳಲು ಬಂದ ಉದ್ದನೆಯ ಮನುಷ್ಯರೆಲ್ಲ ಅದನ್ನು ಬೀದಿಗೇ ಕೇಳುವಂತೆ ಕೂಗಿ ಹೇಳಿ ಹೋಗಬೇಕಾಗುತ್ತದೆ. ಚಿಕ್ಕಪ್ಪನಂತೂ ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಲೇಬೇಕಾದ ಆಳು. ಆ ದಂಪತಿಗಳ ಸಮಸ್ತ ಜಗಳಗಳೂ ನಡುಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದಿವೆ.

ಅವಳು ಪಶು ಆಸ್ಪತ್ರೆಯಲ್ಲಿ ಸಹಾಯಕಿ. ದನ, ಎಮ್ಮೆ, ಕುರಿಗಳಿಗೆ ಲಸಿಕೆ ಚುಚ್ಚುವುದು, ಹುಣ್ಣಿಗೆ ಮದ್ದು ಹಚ್ಚುವುದು, ಕರು ಅಡ್ಡವಾಗಿ ಸಿಕ್ಕಿಕೊಂಡಾಗ ತೋಳೇರಿಸಿಕೊಂಡು ಡಾಕ್ಟರ ಪಕ್ಕ ನಿಲ್ಲುವುದು, ಇವೆಲ್ಲ ಅವಳಿಗೆ ಉಸಿರಾಟದಷ್ಟು ಸಲೀಸು. ಆಸ್ಪತ್ರೆಯವರು ಕೊಟ್ಟ ಕಂದು ಕೋಟು ಅವಳ ಮೊಣಕಾಲನ್ನು ದಾಟಿ ಕಣಕಾಲಿನ ಕುಶಲ ವಿಚಾರಿಸುತ್ತದೆ. ಕತ್ತರಿಸಿ ಹೊಲಿಸೋಣವೆಂದರೆ, "ಉದ್ದ ಇದೆ, ಅದು ಬೇರೆ ಮಾತು. ಕೋಟು ಚೆನ್ನಾಗಿದೆಯಲ್ಲ!" ಎಂದು ನಮ್ಮನ್ನೇ ಗದರುತ್ತಾಳೆ. 'ಅದು ಬೇರೆ ಮಾತು' ಎಂಬುದು ಅವಳ ನಾಲಿಗೆಯ ತುದಿಯಲ್ಲೇ ಕುಳಿತಿರುವ ಮಂತ್ರ. ತನಗೆ ಪ್ರತಿಕೂಲವಾದ ಸತ್ಯವನ್ನು ಅವಳು ಎಂದೂ ಅಲ್ಲಗಳೆಯುವುದಿಲ್ಲ. ಒಪ್ಪಿ, ಪಕ್ಕಕ್ಕಿಟ್ಟು, ಪುಟ್ಟ ಪುಟ್ಟ ಹೆಜ್ಜೆಗಳನ್ನು ಪಟಪಟನೆ ಹಾಕುತ್ತ ಮುಂದೆ ಹೋಗುತ್ತಾಳೆ.

ಹೀಗಿರುವಾಗ ಆಸ್ಪತ್ರೆಯ ಮುದಿ ಜೀಪು ಗುಜರಿಗೆ ಹೋಯಿತು. ಗುಡ್ಡದ ಮೇಲಿನ ಹಳ್ಳಿಗಳ ಸುತ್ತಾಟಕ್ಕೆಂದು ಅದರ ಬದಲಿಗೆ ಒಂದು ಬೈಕು ಬಂತು. ಬೈಕೇನು, ಅಬ್ಬಬ್ಬಾ! ಕಲ್ಲುದಾರಿಗೆಂದೇ ಮಾಡಿದ, ನೆಲದಿಂದ ಬಹುದೂರ ಸೀಟಿಟ್ಟುಕೊಂಡ ಗಾಡಿ. ಡಾಕ್ಟರು ಸಜ್ಜನರು, ಚಿಕ್ಕಪ್ಪನಿಗಿಂತಲೂ ಒಂದು ಹಿಡಿ ಉದ್ದ. ಅವರು ಬೈಕನ್ನೊಮ್ಮೆ, ಚಿಕ್ಕಮ್ಮನನ್ನೊಮ್ಮೆ ನೋಡಿ ಮೆಲ್ಲಗೆ, "ಮೇಡಂ, ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ. ನೀವು ಆರಾಮಾಗಿ ಔಷಧಿ ಸ್ಟೋರು ನೋಡ್ಕೊಳ್ಳಿ. ಹಳ್ಳಿಗೆ ಬೇರೆ ಯಾರನ್ನಾದ್ರೂ ಹಾಕಿಸ್ಕೊತೀನಿ" ಎಂದರು. ಆ ಸ್ಟೋರು ಕಿಟಕಿಯಿಲ್ಲದ, ಸೀಸೆಗಳ ವಾಸನೆಯ ಕೋಣೆ. ಹಟ್ಟಿಯಿಂದ ಹಟ್ಟಿಗೆ ನಡೆಯುತ್ತ, ಎಮ್ಮೆಗಳನ್ನು ಬೈಯುತ್ತ, ಅವುಗಳ ಯಜಮಾನರನ್ನು ಇನ್ನಷ್ಟು ಬೈಯುತ್ತ ಬದುಕಿದ ಹೆಂಗಸು ಅಲ್ಲಿ ಕುಳಿತರೆ ಒಣಗಿಹೋಗುತ್ತಾಳೆಂದು ನಮಗೆಲ್ಲ ಗೊತ್ತಿತ್ತು. ಅವಳು ಅಂದು ಊಟಕ್ಕೆ ಕೂತು ತುತ್ತೆತ್ತದೆ, "ನನಗೆ ಆ ಗಾಡಿ ಬರಲೇಬೇಕು ಕಣೋ" ಎಂದಳು. ಡಾಕ್ಟರ ಆ ಮಾತನ್ನು ಪಕ್ಕಕ್ಕಿಡಲು ಅವಳಿಗೂ ಆಗಲಿಲ್ಲ.

ಲೈಸನ್ಸು ಅವಳಲ್ಲಿತ್ತು, ಡ್ರೈವಿಂಗ್ ಸ್ಕೂಲಿನ ಕುಳ್ಳ ಬೈಕಿನ ಮೇಲೆ ಗಿಟ್ಟಿಸಿದ್ದು. ಆಸ್ಪತ್ರೆಯ ಗೋದಾಮಿನ ಹಿಂದಿನ ಬಯಲಿನಲ್ಲಿ ನಾನು ಗುರುವಾದೆ. ಓಡುವಾಗ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಚಕ್ರ ಉರುಳುವಾಗ ಕುಳ್ಳರೂ ಉದ್ದನೆಯವರೂ ಒಂದೇ. ತಾಪತ್ರಯವೆಲ್ಲ ನಿಲ್ಲುವಾಗ. ಎರಡು ಕಾಲುಗಳ ತುದಿಬೆರಳನ್ನೂ ನೆಲಕ್ಕೆ ತಾಗಿಸಲು ಹೆಣಗುತ್ತ, ನೆಲ ಎಲ್ಲಿದೆಯೆಂದು ಬಗ್ಗಿ ಹುಡುಕುವಳು. ಬೆರಳು ಮುಟ್ಟಿದ ಜಾಗ ಒಂದಿಷ್ಟು ತಗ್ಗಾಗಿದ್ದರೆ ಸಾಕು, ಗಾಡಿಯೂ ಸವಾರಳೂ ಸಾವಧಾನವಾಗಿ ಮಲಗಿಬಿಡುತ್ತಿದ್ದರು. ಧೂಳು ಕೊಡವಿಕೊಂಡು ಎದ್ದು, "ಬಿದ್ದೆ, ಅದು ಬೇರೆ ಮಾತು. ತಿರುವು ಹೇಗೆ ತಗೊಂಡೆ ನೋಡಿದ್ಯಾ?" ಎನ್ನುವಳು. ಗಾಡಿ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿತ್ತು, ಅದರ ವಿಚಾರ ಯಾರೂ ಕೇಳಲಿಲ್ಲ. ಸೀಟು ತಗ್ಗಿಸೋಣವೆಂದರೆ ಆಸ್ಪತ್ರೆಯ ಗಾಡಿ, ಒಂದು ತಿರುಪನ್ನೂ ಮುಟ್ಟುವಂತಿಲ್ಲ.

ಆಗ ಅವಳು, ಹುಟ್ಟು ಕುಳ್ಳರಿಗೆ ಮಾತ್ರ ಹೊಳೆಯಬಹುದಾದ ಒಂದು ಉಪಾಯ ಮಾಡಿದಳು. ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ತನ್ನ ಶೂಗಳ ತಳಕ್ಕೆ ಹಳೇ ಟಯರಿನ ತುಂಡುಗಳನ್ನು ಒಂದರ ಮೇಲೊಂದು ಹೊಲಿಸಿಕೊಂಡು ಬಂದಳು. ಎರಡು ಕಾಲೂ ನೆಲಕ್ಕೆ ಹತ್ತಿದವು. ಚಿಕ್ಕಮ್ಮ ಜಗತ್ತನ್ನೇ ಗೆದ್ದವಳಂತೆ ನಕ್ಕಳು. ಹೊರಟ ಮೇಲೆ ತಿಳಿಯಿತು, ಆ ದಪ್ಪ ಶೂ ಗೇರಿನ ಕೆಳಗೆ ತೂರುವುದೇ ಇಲ್ಲ! ಒಂದನೇ ಗೇರಿನಿಂದ ಎರಡಕ್ಕೆ ಏರಲಾರದೆ, ಎಂಜಿನ್ನು ಬಾಯಿ ಬಡಿದುಕೊಳ್ಳುತ್ತಿರುವಾಗ, ಅವಳು ಸಂಜೆಯಿಡೀ ಬಯಲನ್ನು ಸುತ್ತಿದಳು. ಬೇಲಿಯಾಚೆ ನಿಂತ ಚಿಕ್ಕಪ್ಪ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಆ ರಾತ್ರಿ ಅವರಿಗೆ ಊಟ ಬಡಿಸಿದ್ದು ಅವರೇ.

ದಾರಿ ಸಿಕ್ಕಿದ್ದು ಹಟ್ಟಿಯಲ್ಲಿ. ಮಾರನೆಯ ದಿನ ಪಕ್ಕದ ಬೀದಿಯ ಒಂದು ದೈತ್ಯ ಎಮ್ಮೆಗೆ ಸೂಜಿ ಚುಚ್ಚಲು ಹೋಗಿದ್ದಳಂತೆ. ಎಂದಿನಂತೆ ಒಂದು ಕಾಲನ್ನು ಗಟ್ಟಿಯಾಗಿ ಊರಿ, ಸೊಂಟವನ್ನು ಎಮ್ಮೆಯ ಪಕ್ಕೆಗೆ ಒತ್ತಿ ನಿಂತವಳು ಹಾಗೇ ಸ್ತಬ್ಧಳಾದಳಂತೆ. ಸಂಜೆ ಬಯಲಿಗೆ ಬಂದವಳೇ ನನ್ನನ್ನು ಗುರುಪದವಿಯಿಂದ ಇಳಿಸಿದಳು. "ಎಮ್ಮೆ ಹತ್ರ ತುದಿಗಾಲಲ್ಲಿ ಕುಣಿದ್ರೆ ಒದೀದೆ ಬಿಡುತ್ತಾ? ಎರಡು ಕಾಲು ಯಾಕಪ್ಪ ಬೇಕು? ಒಂದೇ ಸಾಕು, ಪೂರ್ತಿ ಊರಬೇಕು ಅಷ್ಟೆ" ಎಂದು ಹಳೆಯ ಶೂ ತೊಟ್ಟು ಹತ್ತಿದಳು. ನಿಲ್ಲುವ ಮೊದಲೇ ಒಂದನೇ ಗೇರಿಗಿಳಿದು, ಬಲಗಾಲನ್ನು ಬ್ರೇಕಿನ ಮೇಲೇ ಬಿಟ್ಟು, ಸೀಟಿನಿಂದ ಅರ್ಧ ಜಾರಿ ಎಡಪಾದವನ್ನು ಹಿಮ್ಮಡಿಸಮೇತ ನೆಲಕ್ಕೊತ್ತಿ, ಗಾಡಿಯನ್ನು ತೊಡೆಗೆ ಒರಗಿಸಿಕೊಂಡಳು. ಆ ಯಂತ್ರ ಸಾಧು ಪ್ರಾಣಿಯಂತೆ ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಡಾಕ್ಟರು ಒಂದು ಅವಕಾಶಕ್ಕೆ ಒಪ್ಪಿದರು: ಗುಡ್ಡದ ಹಳ್ಳಿಗೆ ಚಿಕ್ಕಮ್ಮನೇ ಓಡಿಸಬೇಕು, ತಾವು ಹಿಂದೆ ಕೂರುವುದು, ಎಲ್ಲಾದರೂ ಗಾಡಿ ಬಿದ್ದರೆ ಸ್ಟೋರಿನ ಬೀಗದಕೈ ಅವಳ ಕೈಗೆ. ಮನಸ್ಸು ತಡೆಯದೆ ನಾನೂ ನನ್ನ ಸ್ಕೂಟರಿನಲ್ಲಿ ಬೆನ್ನು ಹತ್ತಿದೆ. ಕಡಿದಾದ ತಿರುವಿನಲ್ಲಿ ಕುರಿಮಂದೆಯೊಂದು ದಾರಿ ತುಂಬ ಹರಡಿಕೊಂಡು ಎದುರಾಯಿತು. ಏರಿನಲ್ಲಿ ನಿಲ್ಲಲೇಬೇಕು. ಚಿಕ್ಕಮ್ಮ ಅಷ್ಟು ದೂರದಿಂದಲೇ ಜಾಗ ನೋಡಿಟ್ಟಿದ್ದಳು. ಎಡಬದಿಯ ಉಬ್ಬಿದ ಮಣ್ಣಂಚಿಗೆ ಗಾಡಿಯನ್ನು ತಂದು, ಜಾರಿ, ಪಾದ ಊರಿದಳು. ಅದೇ ಕ್ಷಣ ಹಿಂದಿನಿಂದ ಡಾಕ್ಟರ ಎರಡು ನೀಳ ಕಾಲುಗಳೂ ಧಬಕ್ಕನೆ ಇಳಿದು ನೆಲ ಹಿಡಿದವು. ಗಾಡಿ ಆ ಕಡೆ ಈ ಕಡೆ ಅಲುಗಾಡಿತು.

"ಕಾಲು ಎತ್ತಿ ಡಾಕ್ಟ್ರೇ!" ಕುರಿಗಳೂ ಬೆಚ್ಚಿಬಿದ್ದವು.

"ಅಲ್ಲ ಮೇಡಂ, ಬಿದ್ದುಬಿಟ್ರೆ..."

"ಎತ್ತಿ ಅಂದೆ. ಗಾಡಿ ನಾನು ಹಿಡಿದಿದೀನಿ."

ಡಾಕ್ಟರು ಒಂದು ಕಾಲೆತ್ತಿದರು. ಸ್ವಲ್ಪ ತಡೆದು ಇನ್ನೊಂದನ್ನು. ಗಾಡಿ, ಅದರ ಮೇಲೆ ಔಷಧಿಪೆಟ್ಟಿಗೆ, ಉಸಿರು ಬಿಗಿಹಿಡಿದ ಆ ಉದ್ದ ಮನುಷ್ಯ, ಎಲ್ಲವೂ ನಮ್ಮ ಚಿಕ್ಕಮ್ಮನ ಒಂದು ಪಾದದ ಮೇಲೆ ನಿಶ್ಚಲವಾಗಿ ನಿಂತವು. ಕುರಿಗಳು ಒಂದೊಂದಾಗಿ ದಾಟಿಹೋದವು. ಆಮೇಲೆ ಅವಳು ಒಂದಿಷ್ಟೂ ಹಿಂದೆ ಜಾರದೆ ಏರು ಹತ್ತಿದಳು. ಸ್ಟೋರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕುಳ್ಳಗಿರುವವರು ಎಂದೊಡನೆ ನಮ್ಮಲ್ಲಿ ದಯೆ ಉಕ್ಕುತ್ತದೆ. ಅವರು ಕೈಚಾಚುವ ಮೊದಲೇ ವಸ್ತುವನ್ನು ಇಳಿಸಿಕೊಡುತ್ತೇವೆ, ಅವರು ತಡವರಿಸುವ ಮೊದಲೇ ಆಸರೆಯಾಗಲು ಧಾವಿಸುತ್ತೇವೆ, ಆ ಉಪಕಾರದ ಧಾವಂತದಲ್ಲಿ ಅವರ ಕಾಲಕೆಳಗಿನ ನೆಲವನ್ನು ನಾವೇ ಅಲುಗಾಡಿಸಿ, ಆಮೇಲೆ 'ನೋಡಿದಿರಾ, ನಾನಿಲ್ಲದಿದ್ದರೆ ಬೀಳುತ್ತಿದ್ದರು' ಎನ್ನುತ್ತೇವೆ. ಅಂಥವರು ಲೋಕವನ್ನು ತಗ್ಗಿಸಿಕೊಡಿ ಎಂದು ಕೇಳುವವರಲ್ಲ. ಎಲ್ಲಿ ನಿಲ್ಲಬಹುದೆಂದು ನಮಗಿಂತ ಮೊದಲೇ ನೋಡಿಕೊಂಡು ಹೊರಟವರು. ಅವರ ಬೆನ್ನ ಹಿಂದೆ ಕುಳಿತ ನಮಗೆ ಇರುವ ಕೆಲಸ ಒಂದೇ, ಎದೆ ಎಷ್ಟೇ ಹೊಡೆದುಕೊಂಡರೂ ಕಾಲೆತ್ತಿ ಕೂರುವುದು.