ಪೈಪಿನ ಒಳಮೈ

ಆ ವಸಂತದಲ್ಲಿ ನಮ್ಮ ಚೀಸ್ ಹೊಟ್ಟೆ ಉಬ್ಬಿಸಿಕೊಳ್ಳತೊಡಗಿತು. ಅಚ್ಚಿನಿಂದ ತೆಗೆದು ಹಲಗೆಯ ಮೇಲಿಟ್ಟ ಗುಂಡುಗಳು ಮರುದಿನ ಬೆಳಿಗ್ಗೆ ಸತ್ತ ಕಪ್ಪೆಗಳ ಹಾಗೆ ಊದಿಕೊಂಡಿರುತ್ತಿದ್ದವು. ಕುಯ್ದರೆ ಒಳಗೆಲ್ಲ ತೂತು, ಜೊತೆಗೆ ಗೊಬ್ಬರದ ನಾತ. ಪಕ್ಕದ ತೋಟದವರ ಹಂದಿಗಳಿಗೆ ಹಾಕಿದೆವು. ಹಂದಿಗಳೂ ಮೂಸಿ ಮುಖ ತಿರುಗಿಸಿದವು.

ವಿಸ್ಕಾನ್ಸಿನ್‌ನಲ್ಲಿ ಹಸು ಸಾಕುವವರು ಬೇಕಾದಷ್ಟು ಜನ. ಸ್ವಂತ ಹಾಲಿನಿಂದ ಸ್ವಂತ ಚೀಸ್ ಮಾಡಿ ಮಾರುವವರು ನಮ್ಮ ಸುತ್ತಿನಲ್ಲಿ ನಾನು ಮತ್ತು ನನ್ನ ಗಂಡ ಲೈಲ್ ಇಬ್ಬರೇ. ಹಾಗಾಗಿ ನಮ್ಮ ಚೀಸ್ ಕೆಟ್ಟಿತೆಂದರೆ ನಾವೇ ಕೆಟ್ಟಂತೆ. ನಾನು ತೊಟ್ಟಿ ಉಜ್ಜಿದೆ, ಅಚ್ಚು ಕುದಿಸಿದೆ, ಗೋಡೆ ತೊಳೆದೆ. ಹಸುಗಳ ಕೆಚ್ಚಲು ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಾಗಿತ್ತು, ಚೀಸ್ ಮಾತ್ರ ಮತ್ತೆ ಊದಿತು.

ಕಡೆಗೆ ಉಳಿದದ್ದು ಹಾಲು ಹರಿಯುವ ಸ್ಟೀಲ್ ಪೈಪು. ಅದನ್ನು ಹಿಂದಿನ ವರ್ಷ ಹಾಕಿದವನು ಲೈಲ್‌ನ ತಮ್ಮ ವೆರ್ಲಿನ್. ಬೆಸುಗೆಯೇ ಅವನ ಕಸುಬು. ಹೊರಗಿನಿಂದ ನೋಡಿದರೆ ಅವನ ಬೆಸುಗೆ ಒಂದರ ಮೇಲೊಂದು ಜೋಡಿಸಿಟ್ಟ ನಾಣ್ಯಗಳ ಹಾಗೆ ಹೊಳೆಯುತ್ತಿತ್ತು. ಬಂದವರಿಗೆಲ್ಲ ನಾನೇ ತೋರಿಸುತ್ತಿದ್ದೆ.

ತಿರುವಿನ ಹತ್ತಿರ ಗರಗಸ ಹಾಕಿ ಒಂದು ತುಂಡು ಕುಯ್ದೆ. ವಾಸನೆ ಮೊದಲು ಬಂತು. ಬೆಸುಗೆಯ ಹಿಂಬದಿ ಬಾಣಲೆಯಲ್ಲಿ ಸೀದುಹೋದ ಸಕ್ಕರೆಯ ಹಾಗೆ ಕರಕಲಾಗಿ ಉಬ್ಬುತಗ್ಗಾಗಿತ್ತು. ಆ ತಗ್ಗುಗಳಲ್ಲಿ ಹಳೆಯ ಹಾಲು ಹಸಿರು ಮಿಶ್ರಿತ ಹಳದಿ ಲೋಳೆಯಾಗಿ ಕೂತಿತ್ತು. ಬೆರಳಿಟ್ಟರೆ ದಾರದ ಹಾಗೆ ಎಳೆಯುತ್ತಿತ್ತು. ಇಷ್ಟು ದಿನ ಪ್ರತಿ ಹನಿ ಹಾಲೂ ಇದನ್ನು ನೆಕ್ಕಿಕೊಂಡೇ ಬಂದಿದೆ ಎಂದುಕೊಂಡೆ. ಹೊರಗೆ ಓಡಿಹೋಗಿ ಹಿಮ ಕರಗಿದ ಕೆಸರಿನಲ್ಲಿ ವಾಂತಿ ಮಾಡಿದೆ.

ವೆರ್ಲಿನ್ ಬಂದು ತುಂಡನ್ನು ತಿರುಗಿಸಿ ನೋಡಿದ.

"ಹೊರಗಡೆ ನೋಡು ಆರ್ಡಿಸ್, ಬೆಳ್ಳಿ ಇದ್ದಂಗಿದೆ."

"ಹಾಲು ಹೊರಗಡೆ ಹರಿಯುತ್ತೇನೋ?"

"ಒಳಗೆ ಎಲ್ರದ್ದೂ ಸ್ವಲ್ಪ ಹೀಗೇ ಇರುತ್ತೆ. ನೀನು ತೊಳೆಯೋದು ಸರಿಯಿಲ್ಲ ಅಷ್ಟೆ." ನಗುತ್ತ ನನ್ನ ಅಡುಗೆಮನೆಯ ಟವೆಲಿಗೇ ಕೈ ಒರೆಸಿಕೊಂಡ. "ಬೇಕಾದ್ರೆ ಮುಂದಿನ ತಿಂಗಳು ಬಂದು ಇನ್ನೊಂದು ಸಲ ಹೊಡೆದುಕೊಡ್ತೀನಿ."

ಆ ಟವೆಲನ್ನು ಒಲೆಗೆ ಹಾಕಿದೆ.

"ಅವನಿಗೇ ಇನ್ನೊಂದು ಸಲ ಕೊಡೋಣ," ಅಂದ ಲೈಲ್. "ಬೇರೆಯವರೆಲ್ಲ ದೊಡ್ಡ ಕಾರ್ಖಾನೆ ಕೆಲಸದಲ್ಲಿ ಮುಳುಗಿದ್ದಾರೆ. ಬೇಸಿಗೆ ಕಳೀದೆ ಯಾರೂ ಬರಲ್ಲ."

"ಅವನ ಕೈ ಇನ್ನು ನನ್ನ ಪೈಪಿಗೆ ತಾಗಕೂಡದು. ನಾನೇ ಕಲೀತೀನಿ."

"ನೀನಾ? ಗೇಟಿನ ಚಿಲಕ ಹಾಕೋಕೂ ನನ್ನ ಕರೀತೀಯಲ್ಲ ಮಾರಾಯ್ತಿ!"

ಬೆಸುಗೆ ಹಾಕುವ ಹಳೆಯ ಟಿಗ್ ಮಷಿನ್ ಒಂದು ಪಕ್ಕದ ಊರಿನಲ್ಲಿತ್ತು. ಹೊನೋರಾ ಎಂಬ ಹೆಂಗಸಿನ ಗಂಡ ತೀರಿಕೊಂಡ ಮೇಲೆ ಅದು ಕೋಳಿಗೂಡು ಸೇರಿತ್ತು. ನಾವು ಹೋದಾಗ ಅದರ ಮೇಲೆ ಕೋಳಿಯೊಂದು ಕೂತಿತ್ತು.

"ತಗೊಂಡು ಹೋಗಮ್ಮ," ಅಂದಳು ಹೊನೋರಾ. "ಅವನು ನನ್ನ ಮುಖಕ್ಕಿಂತ ಹೆಚ್ಚು ಇದರ ಮುಖ ನೋಡಿದ್ದ. ಕೋಳಿ ಬೇಕಾದ್ರೂ ತಗೋ, ಮೊಟ್ಟೆ ಇಡಲ್ಲ."

ಫ್ರಿಜ್ಜಿನಷ್ಟು ಭಾರದ ಆ ಪೆಟ್ಟಿಗೆಯನ್ನು ಟ್ರಾಕ್ಟರಿನಿಂದ ಎತ್ತಿ ಗ್ಯಾರೇಜಿಗೆ ತಂದೆವು. ಪಕ್ಕದ ತಗಡು ಬಿಚ್ಚಿದರೆ ಒಳಗೆ ಇಲಿಗಳ ಕೇರಿಯೇ ಇತ್ತು. ಹರಿದ ಬಟ್ಟೆ, ಪುಕ್ಕ, ಹಿಕ್ಕೆ, ಎಲ್ಲವೂ ಉಚ್ಚೆಯಲ್ಲಿ ನೆಂದು ಒಣಗಿ ಗಟ್ಟಿ ಹಲಗೆಯಾಗಿತ್ತು. ಫ್ಯಾನಿನ ರೆಕ್ಕೆಗೆ ಒಂದು ಇಲಿ ಚಪ್ಪಟೆಯಾಗಿ ಅಂಟಿಕೊಂಡಿತ್ತು, ಹಲ್ಲು ಕಿರಿದುಕೊಂಡು. ಮುಖಕ್ಕೆ ಮಾಸ್ಕು ಕಟ್ಟಿ, ಕೈಗೆ ಗ್ಲೌಸು ಹಾಕಿ, ಅದನ್ನು ಚಾಕುವಿನಿಂದ ಎಬ್ಬಿಸಿದೆ. ಎಲೆಕ್ಟ್ರಿಷಿಯನ್ ಬಂದು ಕಡಿದ ತಂತಿ ಬದಲಿಸಿಕೊಟ್ಟ. ಅವನೂ ಮೂಗು ಮುಚ್ಚಿಕೊಂಡೇ ಕೆಲಸ ಮಾಡಿದ. ಅಷ್ಟಾದರೂ ಮಷಿನ್ ಬಿಸಿಯಾದಾಗಲೆಲ್ಲ ಗ್ಯಾರೇಜು ಹಳೆಯ ಇಲಿಯುಚ್ಚೆಯ ಆವಿಯಿಂದ ತುಂಬಿಹೋಗುತ್ತಿತ್ತು.

"ಇಲಿ ಹುರೀತಾ ಇದ್ದೀಯೇನೇ?" ಎಂದು ಲೈಲ್ ಬಾಗಿಲಾಚೆಯಿಂದಲೇ ಕೇಳುತ್ತಿದ್ದ.

ಟಿಗ್ ಎಂದರೆ ಮೈಯೆಲ್ಲ ಕೆಲಸ. ಒಂದು ಕೈಯಲ್ಲಿ ಟಾರ್ಚು. ಅದರ ಮೂತಿಯಲ್ಲಿ ಟಂಗ್‌ಸ್ಟನ್ನಿನ ಚೂಪು ಕಡ್ಡಿ, ಅದರ ಸುತ್ತ ಗಾಳಿ ತಾಗದಂತೆ ಹರಿಯುವ ಆರ್ಗಾನ್ ಗ್ಯಾಸು. ಇನ್ನೊಂದು ಕೈಯಲ್ಲಿ ಕರಗಿಸಿ ತುಂಬುವ ತೆಳ್ಳನೆಯ ಸರಳು. ಪಾದದಡಿ ಪೆಡಲು; ಒತ್ತಿದರೆ ಉರಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಲೈಬ್ರರಿಯ ಪುಸ್ತಕ, ಫೋನಿನ ವಿಡಿಯೊ, ಇವೇ ನನ್ನ ಗುರುಗಳು. ವಿಡಿಯೊದ ಮನುಷ್ಯ ಕಾಫಿ ಕಲಕುವಷ್ಟು ಸಲೀಸಾಗಿ ಮಾಡುತ್ತಿದ್ದ. ನಾನು ಮಾಡಿದರೆ ಕಡ್ಡಿ ಕರಗಿದ ಲೋಹಕ್ಕೆ ತಾಗಿ ಅಂಟಿಕೊಳ್ಳುತ್ತಿತ್ತು. ಅದನ್ನು ಕಿತ್ತು, ಗ್ರೈಂಡರಿಗೆ ಹಿಡಿದು ಮತ್ತೆ ಚೂಪು ಮಾಡಬೇಕು. ಕೂತು ಉರಿ ಹೊತ್ತಿಸಿದ ತಕ್ಷಣ ಮತ್ತೆ ಅಂಟು.

ನನ್ನ ಮೊದಲ ಬೆಸುಗೆಗಳು ಕೋಳಿ ಹಿಕ್ಕೆಯನ್ನು ಸಾಲಾಗಿ ಇಟ್ಟ ಹಾಗಿದ್ದವು. ಕೆಲವು ಬೂದುಬಣ್ಣದ ನೊರೆಯ ಹಾಗೆ ತೂತುತೂತಾಗಿ ನಮ್ಮ ಕೆಟ್ಟ ಚೀಸನ್ನೇ ನೆನಪಿಸುತ್ತಿದ್ದವು. ಅವನ್ನು ಕೈಯಲ್ಲಿ ಹಿಡಿದರೆ ನನ್ನ ಮೇಲೆ ನನಗೇ ಹೇಸಿಗೆ. ಒಂದೊಂದನ್ನೂ ಕುಯ್ದು ಒಳಗೆ ನೋಡುತ್ತಿದ್ದೆ. ನೋಡಲು ಮನಸ್ಸಿರಲಿಲ್ಲ, ಆದರೂ ನೋಡದೆ ಬಿಡಕೂಡದು ಎಂದು ಹಟ.

ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಕೈ ಹದಕ್ಕೆ ಬಂತು. ಲೋಹದ ಪುಟ್ಟ ಕೊಳ ಕಣ್ಣಮುಂದೆ ಕನ್ನಡಿಯ ಹಾಗೆ ನಿಂತು, ಸರಳಿನ ತುದಿ ತಾಗಿದಾಗಲೆಲ್ಲ ತುಟಿ ಚಾಚಿ ನುಂಗಿತು. ಪೈಪಿನ ಸುತ್ತ ಹೊಳೆಯುವ ಉಂಗುರ ಮೂಡಿತು. ಕುಣಿಯುವುದೊಂದು ಬಾಕಿ. ಲೈಲ್‌ನನ್ನು ಕರೆದೆ.

"ಅಬ್ಬಾ! ವೆರ್ಲಿನ್ ಮಾಡಿದ್ದು ಇದ್ದಂಗೇ ಇದೆಯಲ್ಲೇ!" ಅಂದ.

ಕುಯ್ದೆ. ಅವನ ಮಾತು ನಿಜವಾಗಿತ್ತು. ಒಳಗೆ ಅದೇ ಕರಕಲು, ಅದೇ ಸೀದ ಸಕ್ಕರೆ. ಹಾಲು ಸೋಕದ ಹೊಸ ಪೈಪು ಅದು, ಆದರೂ ಆ ಲೋಳೆಯ ನಾತ ಮೂಗಿಗೆ ಅಡರಿದ ಹಾಗಾಯಿತು.

ಪುಸ್ತಕವನ್ನು ಮತ್ತೆ ಓದಿದಾಗ, ನಾನು ಅವಸರದಲ್ಲಿ ಹಾರಿಸಿದ್ದ ಪುಟದಲ್ಲಿ ಕಾರಣ ಸಿಕ್ಕಿತು. ಸ್ಟೀಲಿನ ಹಿಂಬದಿಗೂ ಗಾಳಿ ತಾಗಬಾರದು. ಪೈಪಿನ ಎರಡೂ ಬಾಯಿ ಮುಚ್ಚಿ, ಒಳಕ್ಕೂ ಆರ್ಗಾನ್ ಹಾಯಿಸಿ, ಒಳಗಿನ ಗಾಳಿಯೆಲ್ಲ ಹೊರಟುಹೋಗುವ ತನಕ ಕಾದು ಆಮೇಲೆ ಬೆಸೆಯಬೇಕು. ಕಷ್ಟದ ವಿದ್ಯೆಯೇನಲ್ಲ. ತಾಳ್ಮೆ ಬೇಕು ಅಷ್ಟೆ. ಹಾಗೆ ಮಾಡಿ ಕುಯ್ದಾಗ ಒಳಮೈ ತಿಳಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ನುಣ್ಣಗಿತ್ತು. ಬೆರಳಾಡಿಸಿದೆ. ಎಲ್ಲೂ ತಡೆಯಲಿಲ್ಲ.

ವೆರ್ಲಿನ್‌ಗೂ ನನ್ನ ಹಾಗೆ ಗೊತ್ತಿರಲಿಲ್ಲವೇನೋ ಎಂಬ ಅನುಮಾನ ಬಂತು. ಹಾಗಿದ್ದರೆ ಕ್ಷಮಿಸಿಬಿಡೋಣ ಎಂದುಕೊಂಡೇ ಅವನ ಮನೆಗೆ ಹೋದೆ. ಜಗಲಿಯಲ್ಲಿ ಬಿಯರ್ ಕುಡಿಯುತ್ತ ಕೂತಿದ್ದ.

"ಒಳಗೆ ಗ್ಯಾಸ್ ಹಾಯಿಸಬೇಕು ಅಂತ ನಿನಗೆ ಗೊತ್ತಿತ್ತಾ?"

"ಯಾಕೆ ಗೊತ್ತಿರಲ್ಲ? ಅದನ್ನೇ ಓದಿ ಪಾಸಾದವನು ನಾನು."

"ಮತ್ತೆ?"

"ಅಯ್ಯೋ, ಪ್ರತಿ ಕೀಲಿಗೂ ಬಾಯಿ ಮುಚ್ಚು, ಕಾಯಿ, ಬಿಚ್ಚು. ಅವತ್ತು ಶುಕ್ರವಾರ ಬೇರೆ. ತಡವಾದ್ರೆ ಕ್ಲಬ್ಬಿನಲ್ಲಿ ವಾರಕ್ಕೊಮ್ಮೆ ಸಿಗೋ ಕರಿದ ಮೀನು ಖಾಲಿ ಆಗ್ಬಿಡುತ್ತಿತ್ತು." ತಮಾಷೆಯ ಮಾತು ಹೇಳಿದವನ ಹಾಗೆ ನನ್ನ ಮುಖ ನೋಡಿದ. "ಬರೀ ಹಾಲಲ್ವಾ ಆರ್ಡಿಸ್? ಏನು ರಾಕೆಟ್ಟಾ?"

ಅವನ ಗಡ್ಡದಲ್ಲಿ ಚಿಪ್ಸಿನ ಪುಡಿ ಅಂಟಿತ್ತು. ಹಲ್ಲು ಕಿರಿದ ಆ ಇಲಿಯನ್ನು ನೋಡಿದಾಗಲೂ ನನಗೆ ಇಷ್ಟು ಅಸಹ್ಯವಾಗಿರಲಿಲ್ಲ.

"ಬೇರೆ ಎಲ್ಲೆಲ್ಲಿ ಹೀಗೆ ಮಾಡಿದ್ದೀಯಾ?"

ಅವನು ಬಾಟಲಿ ಎತ್ತಿದ.

ನನಗೆ ಗೊತ್ತಿತ್ತು. ನಮ್ಮದಾದ ಮೇಲೆ ಅವನು ಗುಡ್ಡದಾಚೆಯ ಟೆಡ್ ಮತ್ತು ಕೊರಿನ್ ಪೆಲ್‌ಮನ್ನರ ಡೈರಿಯಲ್ಲಿ ಕೆಲಸ ಮಾಡಿದ್ದ. ಹೊಸದಾಗಿ ಮದುವೆಯಾದವರು, ಬಾಟಲಿಯಲ್ಲಿ ಹಾಲು ತುಂಬಿಸಿ ಮನೆಮನೆಗೆ ಕೊಡುತ್ತಿದ್ದರು.

"ಬೇಡ ಕಣೇ," ಅಂದ ಲೈಲ್. "ಅವನು ಹೇಗಿದ್ರೂ ನನ್ನ ತಮ್ಮ. ಊರಲ್ಲಿ ಅವನ ಹೊಟ್ಟೆ ಮೇಲೆ ಹೊಡೆದಂಗಾಗುತ್ತೆ."

"ಆ ಹಾಲು ಕುಡಿಯೋರಿಗೆ ಹೊಟ್ಟೆ ಇಲ್ವಾ?"

ಆದರೆ ನಾನು ಹೊರಟಾಗ ಲೈಲೇ ಗಾಡಿ ಓಡಿಸಿದ.

ಪೆಲ್‌ಮನ್ನರಿಗೆ ಬೆಸೆದವನ ಹೆಸರು ಬಿಟ್ಟು ನಮ್ಮ ಪೈಪಿನ ಕಥೆ ಹೇಳಿದೆ. ಟೆಡ್‌ಗೆ ಸಿಟ್ಟು ಬಂತು. "ನಮ್ಮ ಹಾಲಿಗೆ ಯಾರೂ ಇದುವರೆಗೆ ದೂರು ಹೇಳಿಲ್ಲ," ಅಂದ. ಕೊರಿನ್ ಮಾತ್ರ ಹೋಗಿ ಗರಗಸ ತಂದಳು. ತುಂಡು ಕೆಳಗೆ ಬಿದ್ದ ತಕ್ಷಣ ಅದೇ ವಾಸನೆ. ಅವಳು ಬಗ್ಗಿ ಒಳಗೆ ನೋಡಿದಳು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತುಂಬಿ ಸಾಲಾಗಿ ಇಟ್ಟಿದ್ದ ಬಾಟಲಿಗಳನ್ನು ಒಂದೊಂದಾಗಿ ಬಚ್ಚಲಿಗೆ ಸುರಿಯತೊಡಗಿದಳು.

"ಯಾರು ನಿಮಗೆ ಹೀಗೆ ಮಾಡಿಕೊಟ್ಟಿದ್ದು?" ಟೆಡ್ ನನ್ನನ್ನು ಕೇಳಿದ. "ನಮ್ಮದನ್ನ ಮಾಡಿದ ಮನುಷ್ಯನೇನಾ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಲೈಲ್ ಹೇಳಿದ. "ನನ್ನ ತಮ್ಮ. ಗೊತ್ತಿದ್ದೂ ಮಾಡಿದಾನೆ." ಹೇಳಿ ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮದುವೆಯಾದಾಗಿನಿಂದ ಅವನ ಮುಖ ಅಷ್ಟು ಕೆಂಪಾದದ್ದನ್ನು ನಾನು ನೋಡಿರಲಿಲ್ಲ.

ನಮ್ಮ ಪೈಪುಗಳನ್ನು ನಾನೇ ಬೆಸೆದೆ, ಆಮೇಲೆ ಪೆಲ್‌ಮನ್ನರದ್ದನ್ನೂ. ಪ್ರತಿ ಕೀಲಿನ ಒಳಗೂ ಸಣ್ಣ ಕ್ಯಾಮೆರಾ ಇಳಿಸಿ ಅವರಿಗೆ ತೋರಿಸಿದೆ. ವೆರ್ಲಿನ್‌ಗೆ ಈಗ ಡೈರಿಯವರು ಯಾರೂ ಕೆಲಸ ಕೊಡುವುದಿಲ್ಲ. ಬೇಲಿ, ಗೇಟು, ಟ್ರೇಲರು ಮಾಡಿಕೊಂಡಿದ್ದಾನೆ. ಅತ್ತೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದಾರೆ. ಲೈಲ್ ಭಾನುವಾರ ಚರ್ಚಿನಿಂದ ಒಬ್ಬನೇ ಅವರಲ್ಲಿಗೆ ಹೋಗಿ, ಊಟ ಮಾಡದೆ ವಾಪಸು ಬರುತ್ತಾನೆ.

ನಮ್ಮ ಚೀಸ್ ಈಗ ಗಟ್ಟಿಯಾಗಿ, ಸಿಹಿಯಾಗಿ, ಒಂದೂ ತೂತಿಲ್ಲದೆ ಬರುತ್ತದೆ. ಅಂಗಡಿಯವರು ಹೊಗಳುತ್ತಾರೆ. ನಾನು ಮಾತ್ರ ಅದನ್ನು ಬಾಯಿಗಿಡುವುದಿಲ್ಲ. ರುಚಿ ನೋಡಿ ಹೇಳುವ ಕೆಲಸ ಲೈಲ್‌ನದು. ಅವನು ಜಗಿಯುವಾಗ ನಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ.